ಕೊಬ್ಬರಿ ಶೆಡ್ಡಿನ ನಿದ್ದೆ

ಬಿಳಿಗೆರೆ
21-8-2022

ಚಿರಂಜೀವಿ ಪವಿತ್ರಾಳಿಗೆ ನಿನ್ನ ಅತ್ತಿಗೆ ಧನಲಕ್ಷ್ಮಿ ಮಾಡುವ ಆಶೀರ್ವಾದ.

ನಾವು ಕ್ಷೇಮ. ಮೈಸೂರಿನಲ್ಲಿ ನೀನು ಹೊಸ ಮನೆಗೆ ಹಾಲುಕ್ಕಿಸಿದ ದಿನ ನಾವು ಬರಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಹಿಂದಿನ ದಿನ ಹಾಲು ಕರೆಯುವಾಗ ಹಸು ತಲೆ ಕೊಡವಿತು. ಕೊಂಬು ಕಣ್ಣಿನ ಪಕ್ಕಕ್ಕೆ ತಾಗಿ ಊದಿಕೊಂಡಿತು. ಆ ಮುಖ ಹೊತ್ತುಕೊಂಡು ನಿನ್ನ ಗಂಡನ ಕಡೆಯವರ ಮುಂದೆ ಕೂರುವುದು ಬೇಡ ಅನ್ನಿಸಿತು. ನೀವೊಬ್ಬರೇ ಹೋಗಿ ಬನ್ನಿ ಎಂದರೆ ನಿಮ್ಮಣ್ಣನೂ ಹೊರಡಲಿಲ್ಲ.

ನೀನು ಕಳಿಸಿದ ಫೋಟೊಗಳನ್ನು ತನುಶ್ರೀ ತುರುವೇಕೆರೆಯಿಂದ ಬಂದಾಗ ಅವಳ ಫೋನಿನಲ್ಲಿ ತೋರಿಸಿದಳು. ಅಡುಗೆಮನೆ ಕಟ್ಟೆ ಎತ್ತರವಾಯಿತೇನೋ. ಉತ್ತರವನ್ನೂ ಅಲ್ಲೇ ಒತ್ತಿ ಕಳಿಸುತ್ತೇನೆ ಎಂದಳು. ನಾನೇ ಬೇಡವೆಂದೆ. ಮಗಳ ಕೈಯಲ್ಲಿ ಬರೆಸಿದರೆ ಅದು ಮಗಳ ಮಾತಾಗುತ್ತದೆ. ಟಿ.ಬಿ. ಇಂಜೆಕ್ಷನ್ನಿಗೆ ಕಿವಿ ಹೋದ ಮೇಲೆ ನನಗೆ ಉಳಿದಿರುವುದು ಎದುರಿಗಿರುವವರ ತುಟಿ, ದೂರ ಇರುವವರ ಕಾಗದ. ತುಟಿ ಎಂದರೂ ಚೆನ್ನಾಗಿ ಓದಲು ಬರುವುದು ನಿಮ್ಮಣ್ಣನದೊಂದೇ. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮಾತಾಡಿದರೂ ಬಿಡದೆ ತಿಳಿಯುತ್ತದೆ.

ಅಟ್ಟದ ಕಾಯಿ ಈ ವರ್ಷ ಚೆನ್ನಾಗಿ ಒಣಗುತ್ತಿದೆ. ಬೇರೆಯವರು ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿತೇ ಎಂದು ಸದ್ದು ಕೇಳುತ್ತಾರೆ. ನಾನು ಅಂಗೈಯಲ್ಲಿ ತಿಳಿದುಕೊಳ್ಳುತ್ತೇನೆ. "ನಿನ್ ಕೈಗೇ ಕಿವಿ ಐತೆ ಕಣೇ" ಅನ್ನುತ್ತಾರೆ ನಿಮ್ಮಣ್ಣ.

ಇಂತಿ,
ಧನಲಕ್ಷ್ಮಿ


ಮೈಸೂರು
30-8-2022

ಪ್ರೀತಿಯ ಅತ್ತಿಗೆ,

ಕಟ್ಟೆ ಎತ್ತರವಾಗಿರುವುದು ನಿಜ. ಮೇಸ್ತ್ರಿ ನನ್ನ ಗಂಡನ ಎತ್ತರ ನೋಡಿ ಕಟ್ಟಿದ, ಅಡುಗೆ ಮಾಡುವವಳು ನಾನು.

ಒಂದು ಮಾತು ಕೇಳಬೇಕು. ತನುಶ್ರೀ ಫೋನಿನಲ್ಲಿ ಹೇಳಿದಳು, ಕಣ್ಣಿನ ಪಕ್ಕ ಮಾತ್ರವಲ್ಲ, ತೋಳಿನ ಮೇಲೂ ಕಂದಿದ ಗುರುತಿತ್ತಂತೆ. ಹಸುವಿನ ಕೊಂಬು ಅಷ್ಟು ಕಡೆ ತಾಗುವುದಿಲ್ಲ ಅತ್ತಿಗೆ. ನಾನು ಆ ಮನೆಯಲ್ಲೇ ಹುಟ್ಟಿದವಳು. ಅಮ್ಮ ಹೇಳುತ್ತಿದ್ದ ಕಾರಣಗಳೆಲ್ಲ ನನಗೆ ಗೊತ್ತು. ಬಾಗಿಲು ತಗುಲಿತು, ಕೊಡ ಜಾರಿತು. ಹೊಡೆದ ಮಾರನೆಯ ಬೆಳಗ್ಗೆ ಅಪ್ಪ ಅವಳೆದುರು ನಿಂತು, ಏನೂ ತಿಳಿಯದವರಂತೆ "ಏನಾಯ್ತೇ ನಿಂಗೆ?" ಅನ್ನುತ್ತಿದ್ದರು. ಆ ಪ್ರಶ್ನೆ ಹೊಡೆತಕ್ಕಿಂತ ಕೆಟ್ಟದಾಗಿತ್ತು.

ಅಣ್ಣ ಹೊಡೆದನೇ? ಹೌದು ಅಥವಾ ಇಲ್ಲ, ಒಂದೇ ಪದ ಬರೆಯಿರಿ, ಸಾಕು.

ನಿಮ್ಮ
ಪವಿತ್ರಾ


ಬಿಳಿಗೆರೆ
11-9-2022

ಪವಿತ್ರಾಳಿಗೆ ಆಶೀರ್ವಾದ.

ಹೌದು.

ಆದರೆ ಒಂದು ಪದದಲ್ಲಿ ಮುಗಿಯುವುದಿಲ್ಲ, ಬರೆಯುತ್ತೇನೆ. ಮದುವೆಯಾದಾಗಿನಿಂದ ನಿಮ್ಮಣ್ಣ ನನ್ನ ಮೇಲೆ ಕೈ ಎತ್ತಿದವರಲ್ಲ. ಹಗಲು ಈಗಲೂ ಹಾಗೇ ಇದ್ದಾರೆ. ಯುಗಾದಿ ಕಳೆದ ಮೇಲೆ, ಯಾವಾಗಲೋ ಒಂದೊಂದು ರಾತ್ರಿ, ಮಲಗಿದ್ದಾಗ ಇದ್ದಕ್ಕಿದ್ದ ಹಾಗೆ ಗುದ್ದು ಬೀಳುತ್ತದೆ, ಇಲ್ಲವೇ ಒದೆತ. ಕತ್ತಲೆಯಲ್ಲಿ ನನಗೆ ಅವರ ಮುಖ ಕಾಣುವುದಿಲ್ಲ. ಕೇಳುವುದಂತೂ ಇಲ್ಲವೇ ಇಲ್ಲ. ಎದ್ದು ಲೈಟು ಹಾಕುವಷ್ಟರಲ್ಲಿ ಆ ಕಡೆ ತಿರುಗಿ ಮಗುವಿನ ಹಾಗೆ ಮಲಗಿರುತ್ತಾರೆ. ಅವತ್ತು ಕಣ್ಣು ಊದಿದಾಗ ಬೆಳಗ್ಗೆ ನನ್ನನ್ನೇ ಕೇಳಿದರು.

"ಯಾರೇ ಹೊಡೆದ್ರು ನಿಂಗೆ?"

"ಈ ಮನೇಲಿ ಇನ್ಯಾರವ್ರೆ? ಹಸ ಬಂದು ದುಪ್ಪಟಿ ಒಳಗೆ ಮಲಗಿತ್ತಾ?"

"ನಿನ್ನಾಣೆಗೂ ನಂಗೊತ್ತಿಲ್ಲ ಕಣೇ."

ಆಣೆ ಇಡುವಾಗ ಕಣ್ಣಲ್ಲಿ ನೀರಿತ್ತು. ಇಷ್ಟು ನಾಟಕ ಅವರಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಪಕ್ಕದ ತೋಟದ ಕೆಂಪಕ್ಕ ಗಾಳಿ ಸೋಕಿದೆ, ದಾರ ಕಟ್ಟಿಸು ಅನ್ನುತ್ತಾಳೆ. ನನಗೆ ಅನ್ನಿಸುವುದೇ ಬೇರೆ. ಕಿವುಡಿಯ ಜೊತೆ ಬಾಳಿ ಅವರಿಗೆ ಸಾಕಾಗಿದೆ. ಒಂದು ಮಾತನ್ನು ಮೂರು ಸಲ ತಿರುಗಿಸಿ ಹೇಳಿ ಸಾಕಾಗಿದೆ. ಹಗಲು ನುಂಗಿಕೊಂಡದ್ದು ರಾತ್ರಿ ಕೈಗೆ ಬರುತ್ತದೆ.

ಇದನ್ನು ಓದಿ ಹರಿದು ಹಾಕು.

ಧನಲಕ್ಷ್ಮಿ


ಮೈಸೂರು
18-9-2022

ಪ್ರೀತಿಯ ಅತ್ತಿಗೆ,

ಕಾಗದ ಓದಿ ಇಡೀ ದಿನ ಕೆಲಸ ಸಾಗಲಿಲ್ಲ. ಕಿವಿಯ ಬಗ್ಗೆ ನೀವು ಬರೆದಿದ್ದೀರಲ್ಲ, ಅದು ತಪ್ಪು. ಹೊಡೆಯುವವನಿಗೆ ಕಾರಣ ಬೇಕಿರುವುದಿಲ್ಲ. ಹೊಡೆಸಿಕೊಂಡವರೇ ಕಾರಣ ಹುಡುಕಿಕೊಡುತ್ತಾರೆ. ಕಣ್ಣೀರು, ಆಣೆ, ನಿದ್ದೆ ಬಂದಂತೆ ಮಲಗುವುದು, ಇದನ್ನೆಲ್ಲ ನಾನು ಚಿಕ್ಕವಳಿದ್ದಾಗಲೇ ನೋಡಿದ್ದೇನೆ. ನಂಬಬೇಡಿ. ನೀವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುವುದು ಬೇಡ. ಅವನು ಹೊರಗೆ ಹೋಗದಿದ್ದರೆ ನೀವು ಮೈಸೂರಿಗೆ ಬನ್ನಿ.

ಅಣ್ಣನಿಗೂ ಬರೆದಿದ್ದೇನೆ. ಮೆತ್ತಗೆ ಬರೆಯಲು ಆಗಲಿಲ್ಲ. ತಾನು ಊರಿನ ಸ್ಕೂಲಿಗೇ ನಿಂತು, ನನ್ನನ್ನು ತಿಪಟೂರಿನ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ ಎಂದು ಅಪ್ಪನ ಹತ್ತಿರ ಜಗಳವಾಡಿದವನು ಅವನು. ಮಳೆ ಬಂದ ದಿನ ಹೆಗಲ ಮೇಲೆ ಕೂರಿಸಿಕೊಂಡು ವ್ಯಾನಿನ ತನಕ ಬಿಟ್ಟವನು. ಅದನ್ನೆಲ್ಲ ಪಕ್ಕಕ್ಕಿಟ್ಟು ಬರೆದೆ. ಹಾಗೆ ಪಕ್ಕಕ್ಕಿಡಲು ನನಗೆ ಯಾಕೆ ಇಷ್ಟು ಸುಲಭವಾಯಿತು ಎಂದು ಗೊತ್ತಿಲ್ಲ.

ಪವಿತ್ರಾ


ಬಿಳಿಗೆರೆ
9-10-2022

ತಂಗಿ ಪವಿತ್ರಾಳಿಗೆ ಗಂಗಾಧರ ಮಾಡುವ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಹೊಡೆದ ನೆನಪು ನನಗಿಲ್ಲ. ಆದರೆ ಅವಳ ತೋಳು ನೋಡಿದ್ದೇನೆ, ಅವಳು ಸುಳ್ಳು ಹೇಳುವವಳಲ್ಲ. ಹಾಗಾದರೆ ಹೊಡೆದಿರುವುದು ನಾನೇ. ನೆನಪಿಲ್ಲದೆ ಹೊಡೆಯುವವನ ಪಕ್ಕ ಯಾರೂ ಮಲಗಬಾರದು. ಕೊಬ್ಬರಿ ಶೆಡ್ಡಿನಲ್ಲಿ, ಅಟ್ಟದ ಕೆಳಗೆ ಹಾಸಿಕೊಂಡಿದ್ದೇನೆ.

ಅಪ್ಪನ ಮಗ ಎಂದು ಬರೆದಿದ್ದೀಯ. ಆ ಸಾಲನ್ನು ತಿರುಗಿ ತಿರುಗಿ ಓದಿದೆ.

ಅಕ್ಷರ ಸಣ್ಣದಾಗಿದೆ, ಕಷ್ಟಪಟ್ಟು ಓದಿಕೋ. ದಪ್ಪಗೆ ಬರೆಯಲು ಹೊರಟರೂ ಸಾಲು ಮುಗಿಯುವಷ್ಟರಲ್ಲಿ ಹೀಗಾಗುತ್ತದೆ.

ಗಂಗಾಧರ


ಬಿಳಿಗೆರೆ
28-1-2024

ಪವಿತ್ರಾಳಿಗೆ ಆಶೀರ್ವಾದ.

ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ, ವರ್ಷ ಕಳೆದೇ ಹೋಯಿತು. ನಿನ್ನ ಮಾತಿನಂತೆ ನಡೆದದ್ದರಿಂದ ಮೈಮೇಲೆ ಗಾಯವಿಲ್ಲ. ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಬರೆದರೆ ನಿನಗೆ ಸಂತೋಷವಾದೀತು, ಆದ್ದರಿಂದ ಹಾಗೇ ಬರೆದಿದ್ದೇನೆ.

ನಿಮ್ಮಣ್ಣ ಬದಲಾಗಿದ್ದಾರೆ. ಶೆಡ್ಡಿಗೆ ಕಳಿಸಿದ್ದಕ್ಕೆ ಸೇಡು ಎಂದು ಕಾಣುತ್ತದೆ. ಅಟ್ಟದಲ್ಲಿ ಕಾಯಿ ಕೊಳೆತು ಅಂಗಳದ ತನಕ ನಾತ ಹೊಡೆಯುತ್ತಿತ್ತು. ಅದರ ಕೆಳಗೇ ಮಲಗುವವರಿಗೆ ಮೂಗಿಗೆ ಬರಲಿಲ್ಲವಂತೆ. ತನುಶ್ರೀ ಮಗುವಿಗೆ ಮೋಕ್ಷಿತ್ ಎಂದು ಹೆಸರಿಟ್ಟ ದಿನ ಮೊಮ್ಮಗನನ್ನು ಎತ್ತಿಕೊಂಡು ಕಲ್ಲಿನ ಹಾಗೆ ನಿಂತಿದ್ದರು. ಒಂದು ನಗೆ ಇಲ್ಲ. ಮಗು ಆ ಮುಖ ನೋಡಿ ಕಿರುಚಿ ಅತ್ತಿತು.

ನನ್ನ ಜೊತೆ ಮಾತಾಡುವಾಗ ತುಟಿಯನ್ನೇ ಬಿಚ್ಚುವುದಿಲ್ಲ. ಇದು ಬೇಕೆಂದೇ ಮಾಡುವುದು. ನನಗಿರುವ ದಾರಿ ಅದೊಂದೇ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊನ್ನೆ ರೇಗಿ, "ಬಾಯ್ ತೆಗೆದು ಮಾತಾಡ್ರೀ, ಮುತ್ತೇನು ಉದುರಲ್ಲ" ಎಂದೆ. ಏನೋ ಅಂದರು. ಏನೆಂದು ತಿಳಿಯಲಿಲ್ಲ. ತಿರುಗಿ ಕೇಳಲು ನನಗೂ ಮನಸ್ಸಾಗಲಿಲ್ಲ.

ಧನಲಕ್ಷ್ಮಿ


ಮೈಸೂರು
10-2-2024

ಪ್ರೀತಿಯ ಅತ್ತಿಗೆ,

ಅಣ್ಣ ಮಾಡುತ್ತಿರುವುದು ಮೌನದ ಶಿಕ್ಷೆ. ಕೈ ಕಟ್ಟಿಹಾಕಿದರೆ ಅಂಥವರು ಹೀಗೆ ಮಾಡುತ್ತಾರೆ ಎಂದು ಓದಿದ್ದೇನೆ. ನೀವು ಸೋಲಬೇಡಿ.

ಅವನು ಆಗ ನನಗೊಂದು ಕಾಗದ ಬರೆದಿದ್ದ. ಉತ್ತರ ಬರೆಯಲು ಕೂತು ಎದ್ದೆ. ಇರುವೆ ಸಾಲಿನಂಥ ಅಕ್ಷರ. ನಾನು ಓದಲಿ ಎಂದು ಬರೆದವನು ಹಾಗೆ ಬರೆಯುತ್ತಾನೆಯೇ? ಹಟಕ್ಕೆ ಬರೆದದ್ದು ಅನ್ನಿಸಿ ಸುಮ್ಮನಾದೆ. ಒಮ್ಮೊಮ್ಮೆ ಅದನ್ನು ತೆಗೆದು ನೋಡುತ್ತೇನೆ. ಅದರಲ್ಲಿ ಹಟ ಇರುವುದು ಯಾವ ಮಾತಿನಲ್ಲಿ ಎಂದು ಸಿಗುವುದಿಲ್ಲ.

ಪವಿತ್ರಾ


ಮೈಸೂರು
17-11-2024

ಪ್ರೀತಿಯ ಅತ್ತಿಗೆ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ವೈದ್ಯರು ಇಂಗ್ಲಿಷಿನಲ್ಲಿ ಭಾಷಣ ಮಾಡುವಾಗ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವುದು ನನ್ನ ಕೆಲಸವಲ್ಲವೇ? ನಿನ್ನೆ ನಿದ್ದೆಯ ಕಾಯಿಲೆಗಳ ಮೇಲೆ ಒಂದು ಭಾಷಣವಿತ್ತು. ಗೊರಕೆಗೂ ಹೃದಯಕ್ಕೂ ಇರುವ ನಂಟು, ನಿದ್ದೆಗೆಟ್ಟವರಿಗೆ ಬರುವ ಸಕ್ಕರೆ ಕಾಯಿಲೆ, ಎಲ್ಲ ಸರಾಗವಾಗಿ ಹೇಳಿಕೊಂಡು ಹೋದೆ. ಆಮೇಲೆ ಅವರು ಒಂದು ವೀಡಿಯೊ ಹಾಕಿದರು. ಮೊದಲು ಸದ್ದಿರಲಿಲ್ಲ. ಒಬ್ಬ ಗಂಡಸು, ಪಕ್ಕದಲ್ಲಿ ಹೆಂಡತಿ, ಇಬ್ಬರೂ ಮಲಗಿದ್ದಾರೆ. ಗಂಡಸು ಇದ್ದಕ್ಕಿದ್ದಂತೆ ಕೈ ಎತ್ತಿ ಗುದ್ದಿದ. ಹೆಂಡತಿ ಎದ್ದು ಗೋಡೆಗೆ ಒತ್ತಿಕೊಂಡಳು. ಅವನು ಆ ಕಡೆ ತಿರುಗಿ ಮಲಗಿದ. ಸಭೆಯಲ್ಲಿ ಯಾರೋ "ಎಂಥ ಮನುಷ್ಯ" ಎಂದರು. ಅದನ್ನೇ ಮತ್ತೆ ಸದ್ದು ಕೊಟ್ಟು ತೋರಿಸಿದರು. ಅವನು ಗುದ್ದುವಾಗ ಬೀದಿನಾಯಿಯನ್ನು ಅಟ್ಟುವವನ ಹಾಗೆ ಕೂಗುತ್ತಿದ್ದ. ಕಣ್ಣು ಮುಚ್ಚಿಯೇ ಇತ್ತು.

ಕನಸು ಕಾಣುವಾಗ ಎಲ್ಲರ ಕೈಕಾಲೂ ಕಟ್ಟಿಹಾಕಿದಂತೆ ಅಲುಗಾಡದೆ ಇರುತ್ತವಂತೆ. ಈ ಕಾಯಿಲೆಯವರಿಗೆ ಆ ಕಟ್ಟು ಬಿಚ್ಚಿಹೋಗಿರುತ್ತದೆ. ಕನಸಿನಲ್ಲಿ ಮಾಡಿದ್ದನ್ನು ಮೈಯೂ ಮಾಡುತ್ತದೆ. ಬೆಳಗ್ಗೆ ಅವರಿಗೆ ಗೊತ್ತಿರುವುದಿಲ್ಲ. ಇದು ಶುರುವಾದವರಲ್ಲಿ ಎಲ್ಲರಿಗೂ ಅಲ್ಲದಿದ್ದರೂ ಬಹಳ ಜನರಿಗೆ, ಕೆಲವು ವರ್ಷಗಳ ಮೇಲೆ, ಮಿದುಳಿನ ಬೇರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂದರು. ಅದರ ಗುರುತುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಮೂಗಿಗೆ ವಾಸನೆ ತಿಳಿಯದಿರುವುದು, ಅಕ್ಷರ ಕಿರಿದಾಗುವುದು. ನಾನು ಅಲ್ಲಿಗೆ ನಿಂತುಬಿಟ್ಟೆ. ಜನ ಕಾಯುತ್ತಿದ್ದರು. ನನಗೆ ಕನ್ನಡವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ.

ನೀವು ನೋಡಿದ್ದು ಸದ್ದಿಲ್ಲದ ವೀಡಿಯೊ ಅತ್ತಿಗೆ. ಕಿವಿ ಇದ್ದವಳು ನಾನು, ಬಂದು ಕೇಳಲಿಲ್ಲ.

ಶನಿವಾರ ಹೊರಟು ಬರುತ್ತೇನೆ. ಅಣ್ಣನಿಗೆ ಏನೂ ಹೇಳಬೇಡಿ.

ಪವಿತ್ರಾ


ಮೈಸೂರು
22-12-2024

ಪ್ರೀತಿಯ ಅತ್ತಿಗೆ,

ಅಣ್ಣನನ್ನು ಇಲ್ಲಿಗೆ ಕರೆತಂದು ತೋರಿಸಿದಾಗ ಡಾಕ್ಟರು ಹೇಳಿದ್ದನ್ನೆಲ್ಲ ನಿಮಗೆ ಎದುರಿಗೇ ಹೇಳಲು ಹೊರಟೆ. ಅಳುತ್ತ ಮಾತಾಡಿದರೆ ನಿನ್ನ ತುಟಿ ಓದಲು ಬರುವುದಿಲ್ಲ, ಬರೆದು ಕಳಿಸು ಎಂದಿರಿ. ಬರೆಯುತ್ತಿದ್ದೇನೆ.

ಪಾರ್ಕಿನ್ಸನ್ ಎಂಬ ಕಾಯಿಲೆ. ಮುಖದ ಸ್ನಾಯುಗಳು ಬಿಗಿದುಕೊಂಡಿವೆ, ಅದಕ್ಕೇ ನಗೆ ಮೂಡುವುದಿಲ್ಲ. ದನಿ ತಗ್ಗಿದೆ, ತುಟಿ ಆಡುವುದಿಲ್ಲ. ಸೇಡಲ್ಲ ಅತ್ತಿಗೆ. ಮಗುವನ್ನು ಎತ್ತಿಕೊಂಡಾಗ ಅವನು ತಾನು ನಗುತ್ತಿದ್ದೇನೆ ಎಂದೇ ಅಂದುಕೊಂಡಿದ್ದನಂತೆ. ಮಗು ಯಾಕೆ ಅತ್ತಿತೆಂದು ಡಾಕ್ಟರು ಹೇಳುವ ತನಕ ಅವನಿಗೆ ಗೊತ್ತಿರಲಿಲ್ಲ.

ಇನ್ನೊಂದು. ಊರಿಗೆ ಬಂದ ದಿನ ನಾನು ಶೆಡ್ಡಿನ ಹೊರಗೆ ಜಗಲಿಯ ಮೇಲೆ ಮಲಗಿದೆನಲ್ಲ, ಬೆಳಗಿನ ಜಾವ ಒಳಗಿಂದ ಕೂಗು ಕೇಳಿತು. ಹಗಲು ಪಿಸುಗುಟ್ಟುವವನ ದನಿಯಲ್ಲ, ತೋಟದ ಆ ತುದಿಯಿಂದ ನಮ್ಮನ್ನು ಊಟಕ್ಕೆ ಕರೆಯುತ್ತಿದ್ದನಲ್ಲ, ಆ ದನಿ. "ಹಚಾ! ಬುಡು, ಬುಡು ಅವಳ್ನ! ಧನೂ, ಒಳೀಕ್ ಹೋಗೇ!" ಹೋಗಿ ನೋಡಿದರೆ ಗೋಡೆಗೆ ಗುದ್ದುತ್ತಿದ್ದ. ಎಬ್ಬಿಸಿ ಕೇಳಿದೆ.

"ಚಿರತೆ ಕಣವ್ವ. ಯಾವಾಗ್ಲೂ ಅದೇ. ಹಿಂದಿಂದ ಬತ್ತದೆ. ಅವಳ್ಗೆ ಅದು ಬರೋದು ಕೇಳ್ಸಲ್ವಲ್ಲ."

"ಇದನ್ನ ಅತ್ತಿಗೆಗೆ ಯಾಕಣ್ಣ ಹೇಳ್ಲಿಲ್ಲ?"

"ಕನಸು ಯಾರಾದ್ರೂ ಹೇಳ್ಕೊಂಡು ತಿರುಗ್ತಾರಾ?"

ಕನಸಿನ ಏಟೂ ನಿಮ್ಮ ತೋಳಿನ ಗುರುತೂ ಒಂದೇ ಎಂದು ಅವನಿಗೆ ಹೊಳೆದಿರಲಿಲ್ಲ. ನಮಗೂ ಹೊಳೆಯಲಿಲ್ಲ.

ಮೊದಲೇ ಬಂದಿದ್ದರೂ ಕಾಯಿಲೆ ತಡೆಯುವ ಔಷಧ ಇನ್ನೂ ಇಲ್ಲ ಎಂದರು ಡಾಕ್ಟರು. ನನ್ನ ಸಮಾಧಾನಕ್ಕೆ ಹೇಳಿದ್ದು. ಆದರೆ ನಾನು ಕಳೆದದ್ದು ಔಷಧವನ್ನಲ್ಲವಲ್ಲ. ಅವನ ಮುಖ ಇನ್ನೂ ಆಡುತ್ತಿದ್ದಾಗ ಅದನ್ನು ನೋಡಬೇಕಾಗಿದ್ದವರಿಂದ ದೂರ ಮಾಡಿ, ಕತ್ತಲೆಯ ಶೆಡ್ಡಿನಲ್ಲಿ ಕಾಯಿಗಳ ಕೆಳಗೆ ಮಲಗಿಸಿದೆ. ಆ ದಿನಗಳನ್ನು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ.

ಪವಿತ್ರಾ


ಬಿಳಿಗೆರೆ
8-1-2025

ಪವಿತ್ರಾಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಮಡಿಚುವುದು, ಬಿಚ್ಚುವುದು, ಇಷ್ಟೇ ಕೆಲಸವಾಗಿತ್ತು. ನಿನ್ನ ಮೇಲೆ ಸಿಟ್ಟು ಬಂದದ್ದು ನಿಜ, ಮುಚ್ಚಿಡುವುದಿಲ್ಲ. ಓದಿದವಳು ಹೇಳಿದ್ದಾಳೆ ಎಂದು ನಡೆದೆ. ಆದರೆ ತಪ್ಪನ್ನೆಲ್ಲ ನೀನೊಬ್ಬಳೇ ಮೈಸೂರಿಗೆ ಹೊತ್ತುಕೊಂಡು ಹೋಗಬೇಡ, ನನ್ನ ಪಾಲು ಇಲ್ಲೇ ಇಡು. ಸಾಕಾಗಿದೆ ಅವರಿಗೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಅವರು ಕನಸಿನಲ್ಲೂ ನನ್ನ ಹಿಂದೆ ನಿಂತು ಕಾಯುತ್ತಿದ್ದರು.

ಅವರನ್ನು ಒಳಗೆ ಕರೆದೆ. ಏನೋ ಅಂದರು, ಎಷ್ಟು ನೋಡಿದರೂ ತಿಳಿಯಲಿಲ್ಲ. ಕೊನೆಗೆ ಕೆಂಪಕ್ಕನನ್ನು ಕರೆಸಿದೆ. ಅವಳು ಅವರ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ, ನನ್ನ ಕಡೆ ತಿರುಗಿ ಬಾಯಿ ಅಗಲಿಸಿ ಹೇಳಿದಳು. "'ಬ್ಯಾಡ ಕಣೇ, ಹೊಡೆದ್ಬುಟ್ಟೇನು' ಅಂತಾವ್ನೆ. ಥೂ, ಈ ವಯಸ್ನಲ್ಲಿ ನಿಮ್ ಗಂಡ ಹೆಂಡ್ರು ಮಧ್ಯೆ ನಾನ್ ಬರ್ಬೇಕಾಯ್ತಲ್ಲ!" ಡಾಕ್ಟರು ಹೇಳಿದ ಹಾಗೆ ಅವರಿಗೆ ನೆಲದ ಮೇಲೆ ಹಾಸಿ, ಗೋಡೆಗೆ ದಿಂಬು ಒತ್ತಿ, ನನ್ನ ಮಂಚವನ್ನು ಎದುರು ಗೋಡೆಗೆ ಎಳೆದಿದ್ದೇನೆ. ಚಿಕ್ಕ ಬಲ್ಬು ಉರಿಯುತ್ತಿರುತ್ತದೆ.

ಈಗ ಕೇಳಬೇಕಾದ್ದು. ಮೊನ್ನೆ ಬೆಳಗಿನ ಜಾವ ಎಚ್ಚರವಾಯಿತು. ನಿಮ್ಮಣ್ಣನ ಮುಖ ಆಡುತ್ತಿತ್ತು ಪವಿತ್ರಾ. ಹುಬ್ಬು ಗಂಟಾಯಿತು, ಕೆನ್ನೆ ಎದ್ದಿತು. ತುಟಿ ಪೂರ್ತಿ ಬಿಚ್ಚಿತು. ಧನೂ ಒಳೀಕ್ ಹೋಗೇ, ನಾನೇ ಓದಿದೆ, ಯಾರೂ ಹೇಳಬೇಕಾಗಲಿಲ್ಲ. ನಿನ್ನೆ ಚಿರತೆ ಬರಲಿಲ್ಲವೆಂದು ಕಾಣುತ್ತದೆ. ಏನೋ ಹೇಳಿ ನಕ್ಕರು. ಮದುವೆಯಾದ ಹೊಸದರಲ್ಲಿ ಹಾಗೆ ನಗುತ್ತಿದ್ದರು.

ಡಾಕ್ಟರು ನಿದ್ದೆ ಸುಮ್ಮನಾಗಲು ಒಂದು ಮಾತ್ರೆ ಬರೆದಿದ್ದಾರೆ. ಇನ್ನೂ ಶುರು ಮಾಡಿಲ್ಲ. ಅದನ್ನು ಕೊಟ್ಟರೆ ನಿದ್ದೆಯಲ್ಲೂ ಮುಖ ಸುಮ್ಮನಾಗಿಬಿಡುತ್ತದೆಯೇ? ಕೇಳಿ ಬರೆ. ಕೊಡಬೇಕೋ ಬೇಡವೋ ಅದನ್ನೂ ಬರೆ.

ಧನಲಕ್ಷ್ಮಿ


ಮೈಸೂರು
17-1-2025

ಪ್ರೀತಿಯ ಅತ್ತಿಗೆ,

ಡಾಕ್ಟರನ್ನು ಕೇಳಿದೆ. ನೀವು ಕಂಡದ್ದು ಭ್ರಮೆಯಲ್ಲ. ಈ ಕಾಯಿಲೆಯವರ ಕೈಕಾಲು, ಮುಖ, ದನಿ ಕನಸಿನಲ್ಲಿ ಎಚ್ಚರಕ್ಕಿಂತ ಸರಾಗವಾಗಿ ಆಡುವುದನ್ನು ಸಂಶೋಧನೆ ಮಾಡುವವರು ನೋಡಿದ್ದಾರಂತೆ. ಯಾಕೆ ಎಂದು ಪೂರ್ತಿ ತಿಳಿದಿಲ್ಲ. ಮಾತ್ರೆ ಕೊಟ್ಟರೆ ಗುದ್ದುವುದು, ಒದೆಯುವುದು ಕಡಿಮೆಯಾಗುತ್ತದೆ. ಮುಖವೂ ಸುಮ್ಮನಾಗಬಹುದು ಎಂದರು.

ಕೊಡಿ ಎಂದಾಗಲಿ ಬೇಡ ಎಂದಾಗಲಿ ನಾನು ಬರೆಯುವುದಿಲ್ಲ. ಬರೆಯಲು ಕೈ ಬರುತ್ತದೆ, ಅದಕ್ಕೇ ಹೆದರಿಕೆ. ಅಣ್ಣನನ್ನು ಕೇಳಿ. ಆಗ ನಾವಿಬ್ಬರೂ ಅವನ ವಿಷಯವನ್ನೆಲ್ಲ ಅವನಿಲ್ಲದೆ ಮುಗಿಸಿದೆವು.

ಪವಿತ್ರಾ


ಬಿಳಿಗೆರೆ
2-2-2025

ಪವಿತ್ರಾಳಿಗೆ ಆಶೀರ್ವಾದ.

ನೀನು ಹೇಳಿದಂತೆ ಅವರನ್ನು ಕೇಳಿದೆ. ಕೆಂಪಕ್ಕ ನಡುವೆ ಕೂತಿದ್ದಳು. ನಿಮ್ಮ ಮುಖ ನಿದ್ದೆಯಲ್ಲಿ ಮೊದಲಿನ ಹಾಗೆ ಆಗುತ್ತದೆ, ಅದನ್ನು ನಾನು ನೋಡುತ್ತೇನೆ ಎಂದೆ. ಕೆಂಪಕ್ಕನ ಎದುರು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಅವರು ಕೆಂಪಕ್ಕನ ಕಿವಿಗೆ ಹೇಳಿದರು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನನಗೆ ಹೇಳಿದಳು. "'ಕನಸಲ್ಲಿ ನಕ್ಕು ಏನ್ ಮಾಡ್ಲಿ, ಎದ್ಮೇಲೆ ಅವಳ ತೋಳು ನೋಡ್ಬೇಕಾದೋನು ನಾನು. ಮಾತ್ರೆ ಕೊಡು' ಅಂತಾವ್ನೆ ಕಣವ್ವ."

ತಿಪಟೂರಿನಿಂದ ಮಾತ್ರೆ ತರಿಸಿದೆ. ಇವತ್ತಿನಿಂದ ಶುರು ಎಂದು ಅವರಿಗೆ ಹೇಳಿದ್ದೇನೆ. ಊಟವಾದ ಮೇಲೆ ಕೊಟ್ಟ ಮಾತ್ರೆಗಳಲ್ಲಿ ಅದೂ ಇದೆ ಎಂದುಕೊಂಡು ನುಂಗಿದರು. ನೆಮ್ಮದಿಯಾಗಿ ಮಲಗಿದ್ದಾರೆ.

ಅದರಲ್ಲಿ ಅದು ಇರಲಿಲ್ಲ. ನಾಳೆಯಿಂದ ತಪ್ಪದೆ ಕೊಡುತ್ತೇನೆ, ಅವರ ಮಾತು ಮೀರುವುದಿಲ್ಲ. ಇದೊಂದು ರಾತ್ರಿಯನ್ನು ಅವರನ್ನು ಕೇಳದೆ ತೆಗೆದುಕೊಂಡಿದ್ದೇನೆ. ದೊಡ್ಡ ಲೈಟು ಹಾಕಿಕೊಂಡು, ಕೈಗೆಟುಕದಷ್ಟು ದೂರದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮುಖ ಇನ್ನೂ ಕಲ್ಲಿನ ಹಾಗೇ ಇದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಹುಬ್ಬು ಆಡಿತು.